ಗುಲಾಬಿ ಹುಳಕ್ಕೆ ಬಿ.ಟಿ. ಹತ್ತಿ ‘ಅಭ್ಯಾಸ’ವಾಯಿತೇ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕು, ಎಂಟು ಎಕರೆ ಎರೆಹೊಲ. 2005ರಲ್ಲಿ ಮೊದಲ ಸಲ ಬಿ.ಟಿ. ಹತ್ತಿ ಹಾಕಿದಾಗ ಕಾಯಿಗೆ ಹುಳವೇ ಬೀಳಲಿಲ್ಲ, ಎಣ್ಣಿ ಹೊಡೆಯುವ ಖರ್ಚು ಅರ್ಧಕ್ಕರ್ಧ ಉಳಿಯಿತು ಎಂದು ನಮ್ಮಪ್ಪ ಈಗಲೂ ಹೇಳುತ್ತಾರೆ. ಇತ್ತೀಚೆಗೆ ನವೆಂಬರ್ ಬಂತೆಂದರೆ ಯಾವ ಕಾಯಿ ಒಡೆದರೂ ಒಳಗೆ ಗುಲಾಬಿ ಹುಳ. ಅಂಗಡಿಯವರು ಬೀಜ ಕಲಬೆರಕೆ ಎನ್ನುತ್ತಾರೆ. ಇನ್ನು ಕೆಲವರು ಹುಳಕ್ಕೆ ಬಿ.ಟಿ. ವಿಷ ಅಭ್ಯಾಸವಾಗಿಬಿಟ್ಟಿದೆ ಎನ್ನುತ್ತಾರೆ. ವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕು ಎಂದು ಶಾಲೆಯಲ್ಲಿ ಓದಿದ್ದೆ. ಹತ್ತು ವರ್ಷದಲ್ಲಿ ಇದು ಹೇಗಾಯಿತು? ಜೀನ್ ಬದಲಿಸಿದ್ದು ನಿಸರ್ಗಕ್ಕೆ ವಿರುದ್ಧ, ಅದಕ್ಕೇ ನಿಸರ್ಗ ತಿರುಗಿಬಿತ್ತು ಎನ್ನಬಹುದೇ?

ಉತ್ತರ: ಅಂಗಡಿಯವರ ಮಾತನ್ನು ಮೊದಲು ಬದಿಗಿಡೋಣ. ಮಾರುಕಟ್ಟೆಯಲ್ಲಿ ಕಲಬೆರಕೆ ಬೀಜ ಇಲ್ಲವೆಂದು ನಾನು ಹೇಳಲಾರೆ. ಆದರೆ ಗುಜರಾತಿನಿಂದ ತೆಲಂಗಾಣದವರೆಗೆ ಅಪ್ಪಟ ಬೀಜ ಬಿತ್ತಿದವರ ಹೊಲದಲ್ಲೂ ಇದೇ ಗೋಳು. ನಿಮ್ಮಪ್ಪನ ಹೊಲದ ಗಿಡ ಅಂದು ತಯಾರಿಸುತ್ತಿದ್ದ ವಿಷವನ್ನು ಇಂದಿನ ಗಿಡವೂ ತಯಾರಿಸುತ್ತಿದೆ, ಜೊತೆಗೆ ಇನ್ನೊಂದನ್ನೂ ಸೇರಿಸಿದೆ. ಬದಲಾದದ್ದು ಹುಳ. ಹೇಗೆ ಬದಲಾಯಿತು ಎಂದು ಕೇಳಿದಾಗ ‘ಅಭ್ಯಾಸ’ ಎಂಬ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ.

ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವನು ಗುಂಟೂರಿನ ಕಡೆ ಕೆಲಸಕ್ಕೆ ಹೋದರೆ ಮೊದಲ ವಾರ ಕಣ್ಣಲ್ಲಿ ನೀರು. ತಿಂಗಳು ಕಳೆಯುವಷ್ಟರಲ್ಲಿ ನಾಲಿಗೆ ಒಗ್ಗುತ್ತದೆ. ಅಭ್ಯಾಸವೆಂದರೆ ಇದು. ಒಬ್ಬನ ಬಾಳಿನೊಳಗೇ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ, ಅವನ ಮಗ ಆ ನಾಲಿಗೆ ಹೊತ್ತುಕೊಂಡು ಹುಟ್ಟುವುದಿಲ್ಲ. ಗುಲಾಬಿ ಹುಳಕ್ಕೆ ಇಷ್ಟು ಪುರುಸೊತ್ತು ಕೂಡ ಇರಲಿಲ್ಲ. ಮೊದಲ ವರ್ಷಗಳಲ್ಲಿ ಬಿ.ಟಿ. ಕಾಯಿಯೊಳಗೆ ಹೊಕ್ಕ ಮಾಮೂಲಿ ಮರಿ ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಸತ್ತ ಹುಳ ಏನನ್ನೂ ಕಲಿಯುವುದಿಲ್ಲ, ಮೊಟ್ಟೆಯನ್ನೂ ಇಡುವುದಿಲ್ಲ. ಇಂದು ನಿಮ್ಮ ಹೊಲದಲ್ಲಿರುವುದು ಹಾಗೆ ಸತ್ತವುಗಳ ಸಂತಾನವಲ್ಲ. ಅಂದು ಸಾಯದೆ ಉಳಿದ ಯಾವುದೋ ಕೆಲವೇ ಹುಳಗಳ ಸಂತಾನ. ಅವು ಸಾಯದೆ ಉಳಿಯಲು ಮಾಡಿದ ಸಾಧನೆಯೂ ಏನಿಲ್ಲ, ಹುಟ್ಟುವಾಗಲೇ ಸ್ವಲ್ಪ ಬೇರೆಯಾಗಿ ಹುಟ್ಟಿದ್ದವು ಅಷ್ಟೆ.

ಎಷ್ಟು ಬೇರೆ ಎಂದು ತಿಳಿಯಬೇಕಾದರೆ ವಿಷ ಕೆಲಸ ಮಾಡುವ ಬಗೆ ಗೊತ್ತಿರಬೇಕು. ಬಿ.ಟಿ. ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದನ್ನು ಮೊದಲು ಕಂಡುಕೊಂಡವರು ಜಪಾನಿನ ಇಶಿವಾಟಾ, 1901ರಲ್ಲಿ, ರೋಗ ಬಂದು ಸಾಯುತ್ತಿದ್ದ ರೇಷ್ಮೆಹುಳಗಳಲ್ಲಿ. ಹತ್ತು ವರ್ಷದ ಮೇಲೆ ಜರ್ಮನಿಯ ಥುರಿಂಜಿಯಾ ಪ್ರಾಂತ್ಯದಲ್ಲಿ ಹಿಟ್ಟಿನ ಪತಂಗದ ಮರಿಗಳಲ್ಲಿ ಬರ್ಲಿನರ್ ಎಂಬ ವಿಜ್ಞಾನಿಗೆ ಮತ್ತೆ ಸಿಕ್ಕಿತು, ಆ ಪ್ರಾಂತ್ಯದ ಹೆಸರೇ ಅದಕ್ಕೆ ಅಂಟಿಕೊಂಡಿತು. (ರೇಷ್ಮೆ ಸಾಕುವ ಸೀಮೆಯಲ್ಲಿ ಹಿಪ್ಪುನೇರಳೆ ತೋಟದ ಹತ್ತಿರ ಬಿ.ಟಿ. ಪುಡಿ ಸಿಂಪಡಿಸಬೇಡಿ ಎಂದು ಎಚ್ಚರಿಸುವುದು ಇದಕ್ಕೇ.) ಈ ಬ್ಯಾಕ್ಟೀರಿಯಾ ತಯಾರಿಸುವ ಒಂದು ಪ್ರೋಟೀನಿನ ಹೆಸರು ಕ್ರೈ1ಎಸಿ. ಅದನ್ನು ತಯಾರಿಸುವ ಜೀನನ್ನು ಹತ್ತಿ ಗಿಡಕ್ಕೆ ಸೇರಿಸಿದ್ದೇ ಬಿ.ಟಿ. ಹತ್ತಿ, ವಿಷ ಎಂದು ನಾನು ಹೇಳುತ್ತಿರುವುದು ಈ ಪ್ರೋಟೀನನ್ನೇ. ಪತಂಗದ ಮರಿಯ ಹೊಟ್ಟೆಯಲ್ಲಿ ನಮ್ಮಂತೆ ಹುಳಿ ಇಲ್ಲ, ಸುಣ್ಣದ ತಿಳಿಯಂಥ ಕ್ಷಾರ. ಆ ಕ್ಷಾರದಲ್ಲಿ ಪ್ರೋಟೀನು ಕರಗಿ, ಕತ್ತರಿಸಿಕೊಂಡು, ಕರುಳಿನ ಗೋಡೆಯಲ್ಲಿರುವ ಕ್ಯಾಡ್‌ಹೆರಿನ್ ಎಂಬ ಗೂಟಕ್ಕೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಜೀವಕೋಶದಲ್ಲಿ ತೂತು ಬಿದ್ದು, ಕರುಳು ಒಡೆದು, ಹುಳ ಸಾಯುತ್ತದೆ. ನಮ್ಮ ಹೊಟ್ಟೆಯಲ್ಲಿ ಆ ಕ್ಷಾರವೂ ಇಲ್ಲ, ಆ ಗೂಟವೂ ಇಲ್ಲ.

ಈಗ ಒಂದು ಹುಳದಲ್ಲಿ ಆ ಗೂಟವೇ ಸೊಟ್ಟಗಿದೆ ಎಂದುಕೊಳ್ಳಿ. ವಿಷ ಒಳಗೆ ಹೋಗುತ್ತದೆ, ನೇತುಹಾಕಿಕೊಳ್ಳಲು ಗೂಟ ಸಿಗುವುದಿಲ್ಲ, ಹಿಕ್ಕೆಯ ಜೊತೆ ಹೊರಗೆ ಬರುತ್ತದೆ. ಹುಳ ತನ್ನ ಪಾಡಿಗೆ ಹತ್ತಿಕಾಳು ತಿನ್ನುತ್ತಿರುತ್ತದೆ. ಇದು ಬರೀ ಊಹೆಯಲ್ಲ. ಭಾರತದ ಹೊಲಗಳಿಂದ ಹಿಡಿದ ಬಿ.ಟಿ. ನಿರೋಧಕ ಗುಲಾಬಿ ಹುಳಗಳ ಕ್ಯಾಡ್‌ಹೆರಿನ್ ಜೀನ್ ಓದಿ ನೋಡಿದವರಿಗೆ ಕಂಡದ್ದು ಒಂದೇ ಬಗೆಯ ತಪ್ಪಲ್ಲ, ಹಲವು ಬಗೆಯ ತಪ್ಪುಗಳು. ಒಂದರಲ್ಲಿ ಒಂದು ತುಂಡು ಬಿಟ್ಟುಹೋಗಿದೆ, ಇನ್ನೊಂದರಲ್ಲಿ ಜೋಡಣೆಯೇ ಹದಗೆಟ್ಟಿದೆ. ಯಾರೋ ಯೋಜನೆ ಹಾಕಿ ಮಾಡಿದ್ದರೆ ಒಂದೇ ಸರಿಯಾದ ಉಪಾಯ ಕಾಣುತ್ತಿತ್ತು. ಇಲ್ಲಿ ಕಾಣುವುದು ನಕಲು ಮಾಡುವಾಗಿನ ನಾನಾ ಅಚ್ಚಿನ ದೋಷಗಳು, ಅವುಗಳಲ್ಲಿ ಹುಳಕ್ಕೆ ಉಪಯೋಗಕ್ಕೆ ಬಂದವು ಮಾತ್ರ.

ಆ ದೋಷಗಳು ವಿಷ ತಾಕಿದ ಮೇಲೆ ಹುಟ್ಟಿದವೋ, ಅದಕ್ಕೂ ಮುಂಚೆ ಇದ್ದವೋ? ವಿಕಾಸದ ಇಡೀ ತರ್ಕ ಈ ಪ್ರಶ್ನೆಯ ಮೇಲೆ ನಿಂತಿದೆ. ಇದಕ್ಕೆ ಉತ್ತರ ಸಿಕ್ಕ ಬಗೆ ನನಗೆ ಬಹಳ ಇಷ್ಟ, ಆದ್ದರಿಂದ ಹೊಲ ಬಿಟ್ಟು ಒಂದು ನಿಮಿಷ ಬೇರೆಡೆ ಹೋಗುತ್ತೇನೆ. 1943ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿದ್ದ ಸಾಲ್ವಡಾರ್ ಲೂರಿಯಾ, ವೈರಸ್ ದಾಳಿಗೆ ಬ್ಯಾಕ್ಟೀರಿಯಾಗಳು ಹೇಗೆ ನಿರೋಧ ಪಡೆಯುತ್ತವೆ ಎಂದು ತಲೆ ಕೆಡಿಸಿಕೊಂಡಿದ್ದರು. ಒಂದು ಸಂಜೆ ಅಧ್ಯಾಪಕರ ನೃತ್ಯಕೂಟದಲ್ಲಿ ಸಹೋದ್ಯೋಗಿಯೊಬ್ಬರು ಕಾಸು ಹಾಕಿ ಹಿಡಿ ಎಳೆಯುವ ಜೂಜಿನ ಯಂತ್ರದ ಮುಂದೆ ನಿಂತಿದ್ದನ್ನು ಕಂಡರು. ಆ ಯಂತ್ರ ಹೆಚ್ಚಿನ ಸಲ ಏನೂ ಕೊಡುವುದಿಲ್ಲ, ಎಂದೋ ಒಮ್ಮೆ ಬುಟ್ಟಿ ತುಂಬ ಸುರಿಯುತ್ತದೆ. ಲೂರಿಯಾಗೆ ಹೊಳೆದದ್ದು ಇಷ್ಟು. ನಿರೋಧ ವೈರಸ್ ತಾಕಿದ ಮೇಲೆ ಹುಟ್ಟುವುದಾದರೆ, ಬೇರೆ ಬೇರೆ ಕೊಳವೆಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳಲ್ಲಿ ಉಳಿಯುವವುಗಳ ಸಂಖ್ಯೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು. ಮುಂಚೆಯೇ ತಾನಾಗಿ ಹುಟ್ಟಿದ್ದರೆ ಜೂಜಿನ ಯಂತ್ರದಂತಾಗಬೇಕು: ಬಹುತೇಕ ಕೊಳವೆಗಳಲ್ಲಿ ಸೊನ್ನೆ ಅಥವಾ ಬೆರಳೆಣಿಕೆ, ಎಲ್ಲೋ ಒಂದರಲ್ಲಿ ನೂರಾರು. ಯಾಕೆಂದರೆ ಆ ಕೊಳವೆಯಲ್ಲಿ ದೋಷ ಮೊದಲೇ ಹುಟ್ಟಿ ಮರಿ, ಮೊಮ್ಮರಿ ಮಾಡಿಕೊಂಡಿರುತ್ತದೆ. ಪ್ರಯೋಗ ಮಾಡಿದರು, ಎರಡನೆಯದೇ ಕಂಡಿತು. ಗಣಿತದ ಕೆಲಸ ಮ್ಯಾಕ್ಸ್ ಡೆಲ್‌ಬ್ರುಕ್ ಅವರದು. ಇಬ್ಬರಿಗೂ 1969ರಲ್ಲಿ ನೊಬೆಲ್ ಬಂತು.

ನಮ್ಮ ಅಜ್ಜಿಯರಿಗೆ ಈ ತರ್ಕ ಜರಡಿ ಹಿಡಿದೇ ಗೊತ್ತಿತ್ತು. ಜರಡಿ ಕಾಳನ್ನು ಸಣ್ಣದು ಮಾಡುವುದಿಲ್ಲ. ಸಣ್ಣದಾಗಿ ಇದ್ದದ್ದನ್ನು ಬೇರೆ ಮಾಡುತ್ತದೆ. ಬಿ.ಟಿ. ಹತ್ತಿ ಗುಲಾಬಿ ಹುಳದ ಪಾಲಿಗೆ ಅಂಥದೊಂದು ಜರಡಿ.

ಇನ್ನು ವೇಗದ ಪ್ರಶ್ನೆ. ವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕು ಎಂದು ಕಲಿಸುವುದು ಪೂರ್ತಿ ತಪ್ಪಲ್ಲ. ಆನೆ, ತಿಮಿಂಗಿಲ ಆಗಲು ಬೇಕು. ಆದರೆ ವಿಕಾಸದ ಗಡಿಯಾರ ವರ್ಷವನ್ನು ಎಣಿಸುವುದಿಲ್ಲ, ಪೀಳಿಗೆಯನ್ನು ಎಣಿಸುತ್ತದೆ. ಗುಲಾಬಿ ಹುಳಕ್ಕೆ ಒಂದು ಹಂಗಾಮಿನಲ್ಲಿ ನಾಲ್ಕೈದು ಪೀಳಿಗೆ. ಭಾರತದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. 2008ರಲ್ಲಿ ಗುಜರಾತಿನ ಅಮ್ರೇಲಿಯಿಂದ ತಂದ ಹುಳಗಳು ಕ್ರೈ1ಎಸಿ ತಿಂದೂ ಬದುಕುವುದು ಪತ್ತೆಯಾಯಿತು. ಬೀಜ ತಂದ ಕಂಪನಿಯೇ 2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳ ಮಟ್ಟಿಗೆ ಅದನ್ನು ಒಪ್ಪಿಕೊಂಡಿತು. ಆರು ವರ್ಷವೆಂದರೆ ಹುಳಕ್ಕೆ ಹತ್ತಿರ ಹತ್ತಿರ ಮೂವತ್ತು ಪೀಳಿಗೆ. ಮನುಷ್ಯರ ಲೆಕ್ಕದಲ್ಲಿ ಮೂವತ್ತು ಪೀಳಿಗೆ ಹಿಂದಕ್ಕೆ ಹೋದರೆ ಹೊಯ್ಸಳರ ಕಾಲ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಪೀಳಿಗೆಯಲ್ಲೂ ಒಂದು ವಿಷ ಬಹುಪಾಲು ಜನರನ್ನು ಕೊಂದು ಕೆಲವರನ್ನೇ ಉಳಿಸುತ್ತ ಬಂದಿದ್ದರೆ ಇಂದು ಉಳಿದಿರುವ ನಾವು ಯಾರಾಗಿರುತ್ತಿದ್ದೆವು ಎಂದು ಯೋಚಿಸಿ.

ಇಷ್ಟು ಬೇಗ ಆಗಲೇಬೇಕಾಗಿತ್ತೇ? ಇಲ್ಲ. ನನಗೆ ಬೇಸರ ತರಿಸುವುದು ಈ ಭಾಗ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರತಿ ಹುಳದಲ್ಲೂ ಗೂಟದ ಜೀನ್ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಎರಡೂ ಕೆಟ್ಟಿದ್ದರೆ ಮಾತ್ರ ಹುಳ ವಿಷದಿಂದ ಪಾರು. ಒಂದು ಸರಿಯಿದ್ದರೂ ಸಾಕು, ವಿಷ ಜೋರಾಗಿದ್ದರೆ ಹುಳ ಸಾಯುತ್ತದೆ. ಲೆಕ್ಕಕ್ಕೆಂದು, ಸಾವಿರ ಪ್ರತಿಗೆ ಒಂದು ಕೆಟ್ಟದ್ದು ಎಂದು ಇಟ್ಟುಕೊಳ್ಳಿ. ಆಗ ಎರಡೂ ಪ್ರತಿ ಕೆಟ್ಟ ಹುಳ ಹತ್ತು ಲಕ್ಷಕ್ಕೆ ಒಂದು. ಒಂದೇ ಪ್ರತಿ ಕೆಟ್ಟವು ಹೆಚ್ಚುಕಡಿಮೆ ಎರಡು ಸಾವಿರ. ಉಳಿದವೆಲ್ಲ ಮಾಮೂಲಿ.

ಊರಿನ ಎಲ್ಲ ಹೊಲದಲ್ಲೂ ಬಿ.ಟಿ. ಹತ್ತಿಯನ್ನೇ ಹಾಕಿದರೆ ಹತ್ತು ಲಕ್ಷದಲ್ಲಿ ಉಳಿಯುವುದು ಆ ಒಂದು. ಅದು ಜೊತೆ ಹುಡುಕಿಕೊಂಡು ಹೊರಟಾಗ ಸಿಗುವುದು ಪಕ್ಕದ ಊರಿನಲ್ಲಿ ಹಾಗೆಯೇ ಉಳಿದ ಇನ್ನೊಂದು. ಬೇರೆ ಯಾವುವೂ ಬದುಕಿಲ್ಲವಲ್ಲ! ಅವುಗಳ ಮರಿಗಳೆಲ್ಲ ಎರಡೂ ಪ್ರತಿ ಕೆಟ್ಟವೇ. ಹೊಲದ ಐದರಲ್ಲೊಂದು ಭಾಗಕ್ಕೆ ಬಿ.ಟಿ. ಇಲ್ಲದ ಹತ್ತಿ ಹಾಕಿದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಎರಡು ಲಕ್ಷ ಮಾಮೂಲಿ ಹುಳ ಆರಾಮವಾಗಿ ಬೆಳೆಯುತ್ತವೆ. ಆ ಒಂಟಿ ನಿರೋಧಿಗೆ ಜೊತೆ ಸಿಗುವುದು ಇವುಗಳಲ್ಲೊಂದು. ಮರಿಗಳಿಗೆ ಒಂದು ಪ್ರತಿ ಸರಿ, ಒಂದು ಕೆಟ್ಟದ್ದು. ಬಿ.ಟಿ. ಗಿಡ ಏರಿದರೆ ಅವೂ ಸಾಯುತ್ತವೆ. ಅಂದರೆ ಹುಳವನ್ನು ಸೋಲಿಸಬೇಕಾದರೆ ಒಂದಷ್ಟು ಹುಳವನ್ನು ನಾವೇ ಸಾಕಬೇಕು. ಇದಕ್ಕೆ ಆಶ್ರಯ ಬೆಳೆ ಎನ್ನುತ್ತಾರೆ. ರೈತರಿಗೆ ಇದನ್ನು ಹೇಳಿದಾಗಲೆಲ್ಲ ನನಗೆ ಸಿಕ್ಕಿದ ಉತ್ತರ ಒಂದೇ ನಗೆ: “ದುಡ್ಡು ಕೊಟ್ಟು ಬೀಜ ತಂದು ಹುಳಾ ಮೇಸ್ರಿ ಅಂತೀರೇನು?” ಅವರನ್ನು ದೂರಲಾರೆ. ನಷ್ಟ ಇಂದಿನದು, ಅವರೊಬ್ಬರದೇ. ಲಾಭ ಹತ್ತು ವರ್ಷದ ಮೇಲಿನದು, ಊರಿನೆಲ್ಲರದು.

ಕಾನೂನು ಇರಲಿಲ್ಲವೇ? ಇತ್ತು. ಹೊಲದ ಸುತ್ತ ಐದು ಸಾಲು ಅಥವಾ ಒಟ್ಟು ಜಾಗದ ಶೇ 20, ಯಾವುದು ಹೆಚ್ಚೋ ಅಷ್ಟು ಬಿ.ಟಿ. ಅಲ್ಲದ ಹತ್ತಿ ಹಾಕಬೇಕೆಂಬ ಷರತ್ತಿತ್ತು. 450 ಗ್ರಾಂ ಬಿ.ಟಿ. ಬೀಜದ ಜೊತೆ 120 ಗ್ರಾಂ ಮಾಮೂಲಿ ಬೀಜದ ಚಿಕ್ಕ ಪೊಟ್ಟಣವನ್ನೂ ಕೊಡುತ್ತಿದ್ದರು. ಆ ಪೊಟ್ಟಣ ಯಾಕೆ ಎಂದು ಕುಳಿತು ವಿವರಿಸಿದವರು ಕಡಿಮೆ. ಬೇಲಿ ಬದಿಗೆ ಎಸೆದವರೇ ಹೆಚ್ಚು. ಹಾಕಿದವರಿಗೂ ಕೆಲವೊಮ್ಮೆ ಮೊಳಕೆಯೇ ಸರಿಯಾಗಿ ಬರಲಿಲ್ಲ. 1998ರ ಕೊನೆಯಲ್ಲಿ ರೈತ ಸಂಘದವರು ನಿಮ್ಮದೇ ರಾಯಚೂರು ಜಿಲ್ಲೆಯಲ್ಲೂ ಬಳ್ಳಾರಿಯಲ್ಲೂ ಬಿ.ಟಿ. ಪ್ರಯೋಗದ ಹೊಲಗಳಿಗೆ ಬೆಂಕಿಯಿಟ್ಟದ್ದು ಮನೆಯ ಹಿರಿಯರಿಗೆ ನೆನಪಿರಬಹುದು. ಅಂದಿನ ಜಗಳವೆಲ್ಲ ಬೀಜ ಯಾರ ಕೈಯಲ್ಲಿರಬೇಕು, ಆರೋಗ್ಯಕ್ಕೆ ಏನಾಗುತ್ತದೆ ಎಂಬುದರ ಸುತ್ತ. ಆ ಪ್ರಶ್ನೆಗಳು ಸಣ್ಣವಲ್ಲ. ಆದರೆ ಪರವಾಗಿ ಕೂಗಿದವರೂ ವಿರುದ್ಧ ಕೂಗಿದವರೂ ಹುಳದ ಸಂಸಾರದ ಬಗ್ಗೆ ಮಾತಾಡಿದ್ದು ಬಹಳ ಕಡಿಮೆ.

2006ರಲ್ಲಿ ಎರಡನೇ ಜೀನ್ ಸೇರಿಸಿದ ಬೀಜ ಬಂತು, ಕ್ರೈ1ಎಸಿ ಜೊತೆ ಕ್ರೈ2ಎಬಿ. ಎರಡನೆಯ ವಿಷ ಹಿಡಿಯುವ ಗೂಟ ಬೇರೆ, ಆದ್ದರಿಂದ ಒಂದನ್ನು ತಪ್ಪಿಸಿಕೊಂಡ ಹುಳ ಇನ್ನೊಂದಕ್ಕೆ ಸಿಕ್ಕಿಬೀಳಬೇಕು. ಉಪಾಯ ಒಳ್ಳೆಯದೇ, ಆದರೆ ಎರಡೂ ವಿಷ ಒಟ್ಟಿಗೆ ಹೊಸದಾಗಿದ್ದಾಗ ಮಾತ್ರ. ನಮ್ಮಲ್ಲಿ ಮೊದಲನೆಯದಕ್ಕೆ ಹುಳ ಆಗಲೇ ಅರ್ಧ ದಾಟಿತ್ತು. ಹಾಗಾಗಿ ಎರಡನೆಯದು ಬಹುಮಟ್ಟಿಗೆ ಒಂಟಿಯಾಗಿ ಕಾದಾಡಬೇಕಾಯಿತು. 2014–15ರ ಹೊತ್ತಿಗೆ ಗುಜರಾತಿನಲ್ಲಿ ಅದೂ ಕುಸಿಯಿತು, 2017ರಲ್ಲಿ ಮಹಾರಾಷ್ಟ್ರದ ಹತ್ತಿ ಸೀಮೆಯೇ ಗುಲಾಬಿ ಹುಳಕ್ಕೆ ತತ್ತರಿಸಿತು. ಈ ಸಲ ಕೆಟ್ಟಿದ್ದು ಎಬಿಸಿಎ2 ಎಂಬ ಬೇರೆ ಜೀನ್. ಜರಡಿ ಬೇರೆ, ಕೆಳಗೆ ಬಿದ್ದ ಕಾಳೂ ಬೇರೆ.

ಇದೇ ಹುಳ, ಇದೇ ಜೀನ್, ಅಮೆರಿಕದ ಅರಿಜೋನಾದಲ್ಲಿ ಏನಾಯಿತು ನೋಡಿ. ಅಲ್ಲಿ ಬಿ.ಟಿ. ಹತ್ತಿ ಬಂದದ್ದು ನಮಗಿಂತ ಆರು ವರ್ಷ ಮೊದಲು, 1996ರಲ್ಲಿ. ರೈತರು ಆಶ್ರಯ ಬೆಳೆಯನ್ನು ನಿಷ್ಠೆಯಿಂದ ಹಾಕಿದರು, ಹತ್ತು ವರ್ಷ ಕಳೆದರೂ ಹೊಲದಲ್ಲಿ ನಿರೋಧ ಏಳಲಿಲ್ಲ. 2006ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಕಿರಣ ಕೊಟ್ಟು ಸಂತಾನಶಕ್ತಿ ಕಳೆದ ಪತಂಗಗಳನ್ನು ವಿಮಾನದಿಂದ ಹತ್ತಿ ಹೊಲಗಳ ಮೇಲೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಸಾವಿರ ಕೋಟಿಗೂ ಮಿಕ್ಕಿ. ಅಲ್ಲೊಂದು ಇಲ್ಲೊಂದು ಉಳಿದ ನಿರೋಧಿ ಹುಳಕ್ಕೆ ಸಿಕ್ಕಿದ ಜೊತೆಯೆಲ್ಲ ಬಂಜೆ. 2018ರಲ್ಲಿ ಅಮೆರಿಕ ತನ್ನ ಹತ್ತಿ ಸೀಮೆಯಿಂದ ಗುಲಾಬಿ ಹುಳ ನಿರ್ಮೂಲವಾಯಿತೆಂದು ಘೋಷಿಸಿತು. ಅಲ್ಲಿನ ಹೊಲಗಳು ದೊಡ್ಡವು, ರೈತರ ಸಂಖ್ಯೆ ಕಡಿಮೆ, ಸರ್ಕಾರದ ಕಣ್ಣು ಎಲ್ಲರ ಮೇಲಿತ್ತು. ಎರಡು ಎಕರೆಯವರಿಗೆ ಶೇ 20 ಬಿಡಿ ಎನ್ನುವುದೂ ಇನ್ನೂರು ಎಕರೆಯವರಿಗೆ ಹೇಳುವುದೂ ಒಂದೇ ಅಲ್ಲ ಎಂಬುದು ನನಗೂ ಗೊತ್ತು.

ಆದರೆ ಚೀನಾದವರು ಸಣ್ಣ ರೈತರೇ. ಯಾಂಗ್ಟ್ಸೆ ನದಿ ಕಣಿವೆಯಲ್ಲಿ ಆಶ್ರಯ ಬೆಳೆಯ ಕಡ್ಡಾಯವೇನೂ ಇರಲಿಲ್ಲ, ನಿರೋಧ ನಿಧಾನವಾಗಿ ಏರುತ್ತಿತ್ತು. ಅಷ್ಟರಲ್ಲಿ ಬೀಜದ ಖರ್ಚು ಉಳಿಸಲೆಂದು ಅಲ್ಲಿ ಬಿ.ಟಿ. ಹೈಬ್ರಿಡ್‌ನ ಎರಡನೇ ಪೀಳಿಗೆಯ ಬೀಜ ಬಿತ್ತುವುದು ಹಬ್ಬಿತು. ಮೆಂಡೆಲ್ ಬಟಾಣಿಯ ಲೆಕ್ಕ ನೆನಪಿದೆಯೇ? ಮೂರಕ್ಕೆ ಒಂದು. ಎರಡನೇ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು ಗಿಡಕ್ಕೆ ಬಿ.ಟಿ. ಜೀನ್ ಇರುವುದಿಲ್ಲ. ಯಾರೂ ಹೇಳದೆ, ಯಾರೂ ಗಮನಿಸದೆ, ಹೊಲದೊಳಗೇ ಶೇ 25 ಆಶ್ರಯ ಬೆಳೆ ಎದ್ದು ನಿಂತಿತು. ಏರುತ್ತಿದ್ದ ನಿರೋಧ ಇಳಿಯಿತು. 2017ರಲ್ಲಿ ಇದರ ವಿವರ ಪ್ರಕಟವಾದಾಗ ಓದಿ ನಕ್ಕೆ, ಆಮೇಲೆ ಹೊಟ್ಟೆ ಉರಿಯಿತು.

ಹೊಟ್ಟೆ ಉರಿದದ್ದು ಯಾಕೆಂದರೆ ಅದೇ ಮೂರಕ್ಕೊಂದರ ಲೆಕ್ಕ ನಮ್ಮಲ್ಲಿ ತಿರುವುಮುರುವಾಗಿದೆ. ನಾವು ಹೈಬ್ರಿಡ್ ಹತ್ತಿಯ ದೇಶ. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ವರಲಕ್ಷ್ಮಿ ತಳಿ ಕೊಟ್ಟ ಕಾಲದಿಂದ ನಮ್ಮ ಕಡೆ ಹತ್ತಿ ಎಂದರೆ ಕ್ರಾಸಿಂಗ್ ಮಾಡಿದ ಬೀಜ ಎಂದೇ ಆಗಿದೆ. ನೀವು ಬಿತ್ತುವುದು ಮೊದಲ ಪೀಳಿಗೆ. ಹಾಗಾಗಿ ಹೊಲದ ಪ್ರತಿಯೊಂದು ಗಿಡವೂ ಬಿ.ಟಿ., ಮಾಮೂಲಿ ಹುಳಕ್ಕೆ ಒಂದು ಗಿಡವೂ ಇಲ್ಲ. ಆದರೆ ಆ ಗಿಡದ ಕಾಯಿಯೊಳಗಿನ ಕಾಳುಗಳು ಎರಡನೇ ಪೀಳಿಗೆ! ಒಂದು ಜೀನ್ ಲೆಕ್ಕ ಹಿಡಿದರೆ ನಾಲ್ಕರಲ್ಲಿ ಒಂದು ಕಾಳಿನಲ್ಲಿ ಅದರ ವಿಷ ಇಲ್ಲ. ಗುಲಾಬಿ ಹುಳ ತಿನ್ನುವುದು ಎಲೆಯನ್ನಲ್ಲ, ಕಾಳನ್ನು. ಒಂದು ಕಾಳು ವಿಷದ್ದು, ಪಕ್ಕದ್ದು ಬರಿಯದು, ಹೀಗೆ ಬೆರಕೆ ಊಟ. ಸಾಲದ್ದಕ್ಕೆ ಗಿಡ ನೂರು ದಿನ ದಾಟಿ ಮುದಿಯಾದಂತೆ ಕ್ರೈ1ಎಸಿ ಪ್ರಮಾಣವೂ ಇಳಿಯುತ್ತದೆ. ವಿಷ ಅರೆಬರೆಯಾದರೆ ಒಂದೇ ಪ್ರತಿ ಕೆಟ್ಟ ಹುಳಗಳೂ ಬದುಕುತ್ತವೆ, ಹತ್ತು ಲಕ್ಷಕ್ಕೆ ಒಂದಿದ್ದ ಸಂಖ್ಯೆ ಒಮ್ಮೆಗೇ ಎರಡು ಸಾವಿರವಾಗುತ್ತದೆ. ನಿರೋಧ ಬೆಳೆಸಲೆಂದೇ ಕುಳಿತು ಯೋಜನೆ ಹಾಕಿದ್ದರೂ ಇದಕ್ಕಿಂತ ಚೆನ್ನಾಗಿ ಹಾಕಲಾಗುತ್ತಿರಲಿಲ್ಲ.

ಹಾಗಾದರೆ ಹಸಿರು ಕಾಯಿಕೊರಕ ಯಾಕೆ ಇಷ್ಟು ಹಾವಳಿ ಮಾಡುತ್ತಿಲ್ಲ ಎಂದು ನೀವು ಕೇಳಬೇಕು. 1990ರ ದಶಕದಲ್ಲಿ ಹತ್ತಿ ಬೆಳೆಗಾರರನ್ನು ಸಾಲಕ್ಕೆ ತಳ್ಳಿದ್ದು ಅದೇ. ಅದು ತೊಗರಿ ತಿನ್ನುತ್ತದೆ, ಕಡಲೆ ತಿನ್ನುತ್ತದೆ, ಟೊಮೆಟೊ, ಸೂರ್ಯಕಾಂತಿ, ಏನೂ ಬಿಡುವುದಿಲ್ಲ. ಕಲಬುರಗಿಯ ತೊಗರಿ ಹೊಲಗಳೆಲ್ಲ ಅದರ ಪಾಲಿಗೆ ಆಶ್ರಯ ಬೆಳೆ, ಅಲ್ಲಿಂದ ಬಿ.ಟಿ. ತಿಳಿಯದ ಮಾಮೂಲಿ ಪತಂಗಗಳು ಸದಾ ಹಾರಿ ಬರುತ್ತಿರುತ್ತವೆ. ಗುಲಾಬಿ ಹುಳಕ್ಕೆ ಹೆಚ್ಚುಕಡಿಮೆ ಹತ್ತಿಯೇ ಪ್ರಪಂಚ. ಕಂಡಕಂಡದ್ದನ್ನು ತಿನ್ನುವ ಹುಳ ವಿಷಕ್ಕೆ ಇನ್ನೂ ಬಗ್ಗುತ್ತಿದೆ, ಒಂದೇ ಬೆಳೆ ನಂಬಿದ್ದು ದಾಟಿಬಿಟ್ಟಿತು.

ಈಗ ನಿಮ್ಮ ಕೊನೆಯ ಪ್ರಶ್ನೆ, ನಿಸರ್ಗ ತಿರುಗಿಬಿತ್ತೇ ಎಂಬುದು. ನಿಸರ್ಗಕ್ಕೆ ಸಿಟ್ಟು ಬರುವುದಿಲ್ಲ. ವಿಷದ ಜೀನ್ ಲ್ಯಾಬಿನಲ್ಲಿ ಸೇರಿದ್ದೋ, ಪುಡಿಯಾಗಿ ಮೇಲೆ ಎರಚಿದ್ದೋ ಹುಳಕ್ಕೆ ಗೊತ್ತಾಗುವುದೂ ಇಲ್ಲ. ಹೊಲದಲ್ಲಿ ಬಿ.ಟಿ. ವಿಷದ ವಿರುದ್ಧ ಮೊಟ್ಟಮೊದಲು ನಿರೋಧ ಬೆಳೆಸಿಕೊಂಡ ಕೀಟ ಎಲೆಕೋಸಿನ ವಜ್ರಬೆನ್ನಿನ ಪತಂಗ. ಹವಾಯಿ ದ್ವೀಪದಲ್ಲಿ ಅದು ವರದಿಯಾದದ್ದು 1990ರಲ್ಲಿ, ಬಿ.ಟಿ. ಬೆಳೆಗಳು ಮಾರುಕಟ್ಟೆಗೆ ಬರುವ ಮೊದಲೇ. ಅಲ್ಲಿನ ರೈತರು ಬಳಸುತ್ತಿದ್ದದ್ದು ಸಾವಯವದವರೂ ಒಪ್ಪುವ ಬಿ.ಟಿ. ಸಿಂಪರಣೆ. ಒಂದೇ ವಿಷವನ್ನು ಮತ್ತೆ ಮತ್ತೆ, ಎಲ್ಲೆಡೆ ಬಳಸಿದರೆ ಆಗುವುದು ಇದೇ, ವಿಷ ಎಲ್ಲಿಂದ ಬಂದರೂ.

ಜೀನ್ ಒಂದು ಜೀವದಿಂದ ಇನ್ನೊಂದಕ್ಕೆ ದಾಟುವುದೂ ಮನುಷ್ಯ ಕಂಡುಹಿಡಿದದ್ದಲ್ಲ. ಹತ್ತಿಗೆ ಮೊದಲ ಬಿ.ಟಿ. ಜೀನ್ ಸಾಗಿಸಲು ವಿಜ್ಞಾನಿಗಳು ಬಳಸಿದ ಗಾಡಿ ಅಗ್ರೋಬ್ಯಾಕ್ಟೀರಿಯಂ. ಗಿಡಗಳೊಳಗೆ ತನ್ನ ಜೀನ್ ತೂರಿಸುವುದು ಈ ಮಣ್ಣಿನ ಬ್ಯಾಕ್ಟೀರಿಯಾದ ಹಳೆಯ ಕಸುಬು, ಗಿಡದ ಕಾಂಡದಲ್ಲಿ ಗಂಟು ಎಬ್ಬಿಸುವುದು ಹೀಗೆಯೇ. 2015ರಲ್ಲಿ ಸಿಹಿಗೆಣಸಿನ 291 ತಳಿಗಳನ್ನು ಪರೀಕ್ಷಿಸಿ ನೋಡಿದರೆ ಅಷ್ಟರಲ್ಲೂ ಅಗ್ರೋಬ್ಯಾಕ್ಟೀರಿಯಾದ ಜೀನ್ ತುಣುಕುಗಳಿದ್ದವು. ಏಕಾದಶಿ ಉಪವಾಸಕ್ಕೆ ಬೇಯಿಸಿಕೊಳ್ಳುವ ಗೆಣಸು ನಿಸರ್ಗವೇ ಮಾಡಿದ ಕುಲಾಂತರಿ. ಹೀಗೆಂದ ಮಾತ್ರಕ್ಕೆ ಲ್ಯಾಬಿನಲ್ಲಿ ಮಾಡಿದ್ದೆಲ್ಲ ನಿರಪಾಯ ಎಂದು ನಾನು ಹೇಳುತ್ತಿಲ್ಲ. ನಿಸರ್ಗ ಮಾಡಿದ್ದೂ ನಿರಪಾಯವೇನಲ್ಲ, ದತ್ತೂರಿಯನ್ನು ಯಾರೂ ಲ್ಯಾಬಿನಲ್ಲಿ ಮಾಡಲಿಲ್ಲ. ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ತೂಗಿ ನೋಡಬೇಕು ಎಂಬುದಷ್ಟೇ ನನ್ನ ನಿಲುವು.

ವಿಕಾಸಕ್ಕೆ ಎರಡು ಕೈ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಒಂದು ಕೈ ಹೊಸತನ್ನು ಒಡ್ಡುತ್ತದೆ, ಇನ್ನೊಂದು ಆರಿಸುತ್ತದೆ. ಜೀನ್ ತಂತ್ರಜ್ಞಾನ ಮೊದಲ ಕೈಗೆ ಬಲ ಕೊಟ್ಟಿತು. ನಿಸರ್ಗ ಸಾವಿರಾರು ವರ್ಷದಲ್ಲಿ ತಪ್ಪಿತಡವಿ ಒಡ್ಡಬಹುದಾದದ್ದನ್ನು ನಾವು ಹತ್ತು ವರ್ಷದಲ್ಲಿ ಬೇಕೆಂದೇ ಒಡ್ಡಬಲ್ಲೆವು. ಎರಡನೇ ಕೈ ಮಾತ್ರ ನಮ್ಮ ಹಿಡಿತಕ್ಕೆ ಬಂದಿಲ್ಲ. ಬೀಜ ಮಣ್ಣಿಗೆ ಬಿದ್ದ ಕ್ಷಣದಿಂದ ಡಾರ್ವಿನ್ 1859ರಲ್ಲಿ ಹೇಳಿದ ಲೆಕ್ಕವೇ ನಡೆಯುತ್ತದೆ. ಕಳೆಯಲ್ಲೂ ಹಾಗೆಯೇ ಆಯಿತು. ಕಳೆನಾಶಕ ಸಹಿಸುವ ಕುಲಾಂತರಿ ಬೆಳೆಗಳು ಅಮೆರಿಕದಲ್ಲಿ ಹಬ್ಬಿದ ಮೇಲೆ, ನಮ್ಮ ದಂಟಿನ ಸೊಪ್ಪಿನ ದಾಯಾದಿಯಾದ ಒಂದು ಕಳೆ ಗ್ಲೈಫೋಸೇಟ್ ಎಂಬ ಕಳೆನಾಶಕಕ್ಕೆ ಜಗ್ಗದಾಯಿತು. ಕಳೆನಾಶಕ ಹೊಡೆಯುವ ಗುರಿ ಯಾವ ಜೀನೋ, ಅದರ ಪ್ರತಿಗಳು ಆ ಗಿಡದಲ್ಲಿ ನೂರಕ್ಕೂ ಹೆಚ್ಚಿದ್ದವು. ಒಂದನ್ನು ತಡೆದರೆ ಇನ್ನೊಂದು, ಅದನ್ನೂ ತಡೆದರೆ ಮತ್ತೊಂದು. ನಮ್ಮಲ್ಲಿ ಕದ್ದುಮುಚ್ಚಿ ಮಾರುವ, ಕಳೆನಾಶಕ ಸಹಿಸುವ ಹತ್ತಿಬೀಜ ನಿಮ್ಮ ಕಡೆಗೂ ಬಂದಿದ್ದರೆ ಇದನ್ನು ನೆನಪಿಡಿ.

ನಿಮ್ಮ ಹೊಲಕ್ಕೆ ಈಗ ಏನು ಮಾಡಬೇಕು? ಈಗಿನ ಬೀಜದ ಪೊಟ್ಟಣದಲ್ಲಿ ಬಿ.ಟಿ. ಅಲ್ಲದ ಬೀಜವನ್ನು ಬೆರೆಸಿಯೇ ಕೊಡುತ್ತಾರೆ, ಎಸೆಯುವ ದಾರಿಯೇ ಇಲ್ಲ. ಆದರೆ ಅದನ್ನೊಂದನ್ನೇ ನೆಚ್ಚಿಕೊಳ್ಳಬೇಡಿ. ಚೀನಾದಲ್ಲಿ ನಿರೋಧ ಇನ್ನೂ ವಿರಳವಾಗಿದ್ದಾಗ ಇಳಿಯಿತು. ನಿಮ್ಮಲ್ಲಿ ಅದು ಮಾಮೂಲಾಗಿಬಿಟ್ಟಿದೆ. ಗುಲಾಬಿ ಹುಳದ ಮಟ್ಟಿಗೆ ಈ ಬೀಜವನ್ನು ಬಿ.ಟಿ. ಅಲ್ಲವೆಂದೇ ತಿಳಿದು ಬೆಳೆ ಮಾಡಿ. ಹುಳದ ಬಲ ಇರುವುದು ನಮ್ಮ ಉದ್ದನೆಯ ಹಂಗಾಮಿನಲ್ಲಿ. ಕಾಲುವೆ ನೀರಿದೆ ಎಂದು ಫೆಬ್ರುವರಿ, ಮಾರ್ಚ್‌ವರೆಗೆ ಹತ್ತಿ ಎಳೆದರೆ ಅದಕ್ಕೆ ಇನ್ನೊಂದೆರಡು ಪೀಳಿಗೆ ದಾನ ಮಾಡಿದಂತೆ. ಬೇಗ ಬರುವ ತಳಿ ಹಾಕಿ, ಡಿಸೆಂಬರ್ ಕೊನೆಗೆ ಬೆಳೆ ಮುಗಿಸಿ, ಆ ಹೊಲಕ್ಕೆ ಕಡಲೆಯೋ ಜೋಳವೋ ಬರಲಿ. ಹತ್ತಿಕಟ್ಟಿಗೆಯನ್ನು ಉರುವಲಿಗೆಂದು ಬದುವಿನ ಮೇಲೆ ಒಟ್ಟಬೇಡಿ. ಅದರಲ್ಲಿ ಉಳಿದ ಒಣಕಾಯಿಗಳೊಳಗೆ ಹುಳ ಮುಂದಿನ ಮಳೆಯವರೆಗೆ ಮಲಗಿರುತ್ತದೆ.

ಬಿತ್ತಿದ ನಲವತ್ತೈದು ದಿನಕ್ಕೆ ಮೋಹಕ ಬಲೆ (ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಸೆಳೆದು ಹಿಡಿಯುವ ಬಲೆ) ಕಟ್ಟಿ. ಒಂದು ಬಲೆಗೆ ರಾತ್ರಿಗೆ ಎಂಟು ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಔಷಧಿ ಹೊಡೆಯುವ ಹೊತ್ತು ಬಂತು ಎಂದರ್ಥ. ಬಲೆ ನಂಬದಿದ್ದರೆ ಹೊಲದ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಹಸಿಕಾಯಿ ಕಿತ್ತು ಒಡೆದು ನೋಡಿ, ಎರಡರಲ್ಲಿ ಹುಳ ಕಂಡರೂ ಅದೇ ಅರ್ಥ. ಮೇಲಿನಿಂದ ನೋಡಿ ಕಾಯಿ ಚೆನ್ನಾಗಿದೆ ಎಂದುಕೊಳ್ಳಬೇಡಿ, ಮರಿ ಒಳಹೊಕ್ಕ ತೂತು ಮುಚ್ಚಿಕೊಂಡುಬಿಡುತ್ತದೆ. ಮತ್ತೆ, ಎಣ್ಣಿ ಹೊಡೆಯುವಾಗ ಅಂಗಡಿಯವರು ಹೋದ ಸಲ ಕೊಟ್ಟ ಗುಂಪಿನದ್ದನ್ನೇ ಬೇರೆ ಹೆಸರಿನ ಡಬ್ಬಿಯಲ್ಲಿ ಕೊಟ್ಟರೆ ತಗೊಳ್ಳಬೇಡಿ. ಡಬ್ಬಿಯ ಮೇಲೆ ಔಷಧಿಯ ಮೂಲ ಹೆಸರು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಓದಿಸಿಕೊಂಡೇ ದುಡ್ಡು ಕೊಡಿ.